ಡೇರಿಗೆ ಹೋದ ಹಾಲು

ನಮ್ಮ ಮನೆಗೆ ಟಿವಿ ಬಂದ ವರ್ಷವೇ, ಮೂರು ವರ್ಷದ ನನ್ನ ಮಗಳು ಹೊತ್ತು ಮುಳುಗಿದ ಮೇಲೆ ಎಡವಲು ಶುರು ಮಾಡಿದಳು. ಹಗಲೆಲ್ಲ ಅಂಗಳದ ತುಂಬ ಓಡಾಡುವವಳು ಸಂಜೆಯಾದರೆ ಕಟ್ಟೆಗೆ, ಎಮ್ಮೆ ಕಟ್ಟುವ ಗೂಟಕ್ಕೆ ಹೋಗಿ ಬಡಿದುಕೊಳ್ಳುತ್ತಿದ್ದಳು. "ನೋಡಿ ನಡಿ ಬೇ, ಕಣ್ಣ ನೆತ್ತಿ ಮ್ಯಾಲ ಅದಾವೇನ?" ಎಂದು ನಾನೇ ಎರಡು ಸಲ ಬೆನ್ನಿಗೆ ಹೊಡೆದಿದ್ದೇನೆ. 

ಎಂಬತ್ತರ ದಶಕದ ಕೊನೆಯ ಮಾತಿದು. ಸದಲಗಾದ ಹತ್ತಿರ ನಮ್ಮೂರು. ಮನೆಯಲ್ಲಿ ಹಿಂಡುವ ಎಮ್ಮೆ ಮೂರು. ನಾನು ಸೊಸೆಯಾಗಿ ಬಂದಾಗ ಹಾಲು ಮಾರುವ ಮಾತೇ ಇರಲಿಲ್ಲ. ಕಾಯಿಸಿ, ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆದರೆ ಓಣಿಯ ಅರ್ಧ ಮನೆಯವರು ಚರಿಗೆ ಹಿಡಿದು ಮಜ್ಜಿಗೆಗೆ ಬರುತ್ತಿದ್ದರು. ಮಜ್ಜಿಗೆಗೆ ದುಡ್ಡು ತೆಗೆದುಕೊಳ್ಳುವುದೆಂದರೆ ನಮ್ಮಲ್ಲಿ ನಾಚಿಕೆಗೇಡು. ಆಮೇಲೆ ಊರಿಗೆ ಡೇರಿ ಬಂತು. ಮೊದಲು ಬೆಳಗಿನ ಹಾಲು ಹೋಯಿತು, ನಂತರ ಸಂಜೆಯದೂ. ಫ್ಯಾಟು ಹೆಚ್ಚಿದ್ದಷ್ಟೂ ದರ ಹೆಚ್ಚು, ಹಾಗಾಗಿ ಕೆನೆ ಮುಟ್ಟುವಂತಿರಲಿಲ್ಲ. ಹತ್ತು ದಿನಕ್ಕೊಮ್ಮೆ ಕೈಗೆ ನೋಟು ಬರುತ್ತಿತ್ತು.

ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಗಿತ್ತು. ಹೊಲದ ದುಡ್ಡು ಗಂಡಸರದು, ಹಾಲಿನ ದುಡ್ಡು ನನ್ನದು. ಅದರಲ್ಲಿ ವಾಸನೆ ಸೋಪು, ಚಹಾಪುಡಿ, ಬಿಸ್ಕತ್ತು, ಸ್ಟೀಲಿನ ಡಬ್ಬಿ ತಂದೆ. ಕೊನೆಗೆ ನಿಪ್ಪಾಣಿಯ ಅಂಗಡಿಯಿಂದ ಕಂತಿನ ಮೇಲೆ ಟಿವಿ. ಅದೂ ನನ್ನದೇ ಹಟ. ಮಗಳಿಗೆ ಎರಡೂ ಹೊತ್ತು ಚಹಾ, ಬಿಸ್ಕತ್ತು. ಚಹಾಕ್ಕೆ ಬಣ್ಣ ತಿರುಗುವಷ್ಟು ಹಾಲು, ಅಷ್ಟೇ. ಅವಳು ಪಲ್ಯ ಮುಟ್ಟುತ್ತಿರಲಿಲ್ಲ, ನಾನೂ ಬಲವಂತ ಮಾಡಲಿಲ್ಲ. ಪೇಟೆಯ ಮಕ್ಕಳ ಹಾಗೆ ಬಿಸ್ಕತ್ತು ತಿನ್ನುತ್ತಾಳೆಂದು ಬೀಗುತ್ತಿದ್ದೆ.

ಆ ಬೇಸಿಗೆಯಲ್ಲಿ ಅಥಣಿಯ ಅಕ್ಕನ ಮನೆಗೂ ರಾಯಬಾಗದ ಚಿಕ್ಕಮ್ಮನ ಮನೆಗೂ ಹೋಗಿ ಬಂದೆ. ಅಲ್ಲೂ ಅದೇ ಸ್ಟೀಲು, ಅದೇ ಬಿಸ್ಕತ್ತು, ಅದೇ ತೆಳ್ಳನೆಯ ಚಹಾ. ಚಿಕ್ಕಮ್ಮ ಊಟದ ಕೊನೆಗೆ ಮಜ್ಜಿಗೆ ಬಡಿಸಲಿಲ್ಲ. ಅಕ್ಕನ ಮನೆಯ ಕಡಗೋಲು ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಆಸರೆಯಾಗಿತ್ತು. ಅದನ್ನು ನೋಡಿ ಒಳಗೊಳಗೇ ಏನೋ ಅಳುಕಾಯಿತು. ಏಕೆಂದು ಆಗ ತಿಳಿಯಲಿಲ್ಲ.

ಒಂದು ಸಂಜೆ ಮಗಳು ಟಿವಿ ಮುಂದೆ ಕೂತು ನಗುತ್ತಿದ್ದಳು. ಕರೆಂಟು ಹೋಯಿತು. ಬಾಗಿಲಲ್ಲಿ ಇನ್ನೂ ಬೆಳಕಿತ್ತು, ಅವಳ ಫ್ರಾಕಿನ ಮೇಲಿನ ಹೂಗಳೂ ನನಗೆ ಕಾಣುತ್ತಿದ್ದವು. ಅವಳು ಎದ್ದು ಎರಡೂ ಕೈ ಮುಂದೆ ಚಾಚಿ, "ಅವ್ವಾ, ಎಲ್ಲಿ ಅದಿ?" ಎಂದಳು. ನಾನು ಅವಳ ಎದುರಿಗೇ ನಿಂತಿದ್ದೆ. 

ಮರುದಿನ ಚಿಕ್ಕೋಡಿಯ ಡಾಕ್ಟರು ಅವಳ ರೆಪ್ಪೆ ಎತ್ತಿ ನೋಡಿದರು. "ಸಂಜೀಕ ಇಕಿಗೆ ಕಣ್ಣ ಕಾಣಂಗಿಲ್ರಿ. ಹೊಟ್ಟೀಗಿ ಸತ್ವ ಸಾಲದ ಎಡಗಣ್ಣಾಗ ಬಿಳಿ ಚುಕ್ಕಿ ಬಿದ್ದೈತಿ. ಇನ್ನೊಂದೀಟ ತಡಾ ಮಾಡಿದ್ರ ಹಗಲಿಗೂ ಕಾಣ್ತಿರ್ಲಿಲ್ಲ. ಔಷಧ ಕೊಡ್ತೀನಿ. ಹಾಲು, ಬೆಣ್ಣಿ, ಮೆಂತೆ-ಪಾಲಕದಂಥ ತಪ್ಪಲಪಲ್ಲೆ ಕೊಡ್ರಿ. ಹಾಲಿಗೆ ಅನುಕೂಲ ಐತೇನ್ರಿ?"

"ಮೂರು ಎಮ್ಮಿ ಅದಾವ್ರಿ," ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ನಾನು ಹಾಲು ಹಿಂಡಿಕೊಂಡು ಬರುವಷ್ಟರಲ್ಲಿ, ಡೇರಿಗೆ ಹೊತ್ತಾಯಿತೆಂದು ನಮ್ಮ ಯಜಮಾನರು ಕ್ಯಾನು ಹಿಡಿದು ನಿಂತಿದ್ದರು.

"ಮೊದಲ ಕೂಸಿಗೆ, ಆಮ್ಯಾಲ ಡೇರಿಗೆ," ಎಂದೆ.

"ಮತ್ತ ಈ ತಿಂಗಳ ಕಂತು?"

"ಟಿವಿ ಒಯ್ದು ಅವರ ಅಂಗಡ್ಯಾಗ ಇಟ್ಟ ಬರ್ರಿ."

ನನ್ನ ದನಿ ಕೇಳಿ ಅವರು ಕ್ಯಾನು ಕೆಳಗಿಟ್ಟರು. ಲೋಟದ ತುಂಬ ಹಾಲು ಕಾಯಿಸಿ, ಬೆಲ್ಲ ಹಾಕಿ, ಆರಿಸಿ, ಕೆನೆ ಸಮೇತ ಮಗಳ ಬಾಯಿಗೆ ಹಿಡಿದೆ. ಅವಳು ಮೂಸಿ ನೋಡಿ ಮುಖ ತಿರುಗಿಸಿದಳು. ಗಲ್ಲ ಹಿಡಿದು ಕುಡಿಸಿದೆ. ಒಂದು ಗುಟುಕು ಒಳಗೆ ಹೋದದ್ದೇ ತಡ, ನನ್ನ ಸೆರಗಿನ ಮೇಲೆ ಉಗುಳಿದಳು.

"ಇದೇನ ಅವ್ವಾ?" ಎಂದಳು. "ನಾ ಒಲ್ಲೆ. ಚಾ ಕೊಡು."