ಗಿರಣಿ ಕಾಕಾ ಹಾಕಿದ ಆಣೆ

ಕಳೆದ ವಾರ ಮುರಗೋಡದ ರೈತರೊಬ್ಬರು ಹಳೆಯ ಟ್ರೇಲರ್ ಒಂದನ್ನು ರಿಪೇರಿಗೆ ತಂದು ನಿಲ್ಲಿಸಿದರು. ತಳದ ತಗಡು ತುಕ್ಕು ಹಿಡಿದು ಹೋಗಿತ್ತು. ಕತ್ತರಿಸಲು ಗ್ಯಾಸ್ ಹಚ್ಚಿದೆ. ಮೂಲೆಯ ಸಂದಿಗೆ ಉರಿ ತಾಗಿದ್ದೇ ತಡ, ಸುಟ್ಟ ಅರಿಷಿಣದ ವಾಸನೆ ಎದ್ದಿತು. ಹುಣ್ಣಿಮೆಗೊಮ್ಮೆ ಜನರನ್ನು ತುಂಬಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬರುವ ಟ್ರೇಲರ್ ಅದು. ಎಷ್ಟು ವರ್ಷಗಳ ಭಂಡಾರ, ದೇವಿಯ ಅರಿಷಿಣದ ಪುಡಿ, ಆ ಸಂದಿಯಲ್ಲಿ ಕೂತಿತ್ತೋ... ಉರಿ ಆರಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಕೆಲಸ ನಡುವೆ ಬಿಟ್ಟು ಏಳುವವನಲ್ಲ ನಾನು. ಅವತ್ತು ಎದ್ದೆ.

ಬೈಲಹೊಂಗಲದಲ್ಲಿ ನನ್ನ ವೆಲ್ಡಿಂಗ್ ಅಂಗಡಿಯ ಮಗ್ಗುಲಲ್ಲೇ ಹಿರಿಯರೊಬ್ಬರ ಹಿಟ್ಟಿನ ಗಿರಣಿ ಇತ್ತು. ಊರೆಲ್ಲ ಅವರನ್ನು ಗಿರಣಿ ಕಾಕಾ ಎಂದೇ ಕರೆಯುತ್ತಿತ್ತು. ಜೋಳಕ್ಕೆ ಒಂದು ಕಲ್ಲು, ಖಾರಕ್ಕೆ ಒಂದು, ಅರಿಷಿಣಕ್ಕೇ ಬೇರೊಂದು. ಮಂಗಳವಾರ, ಶುಕ್ರವಾರ ಸ್ನಾನ ಮಾಡಿ, ಒದ್ದೆ ಧೋತರದಲ್ಲೇ ಬಂದು ಭಂಡಾರ ಬೀಸುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಖಾರದ ಡಬ್ಬಿ ಹಿಡಿದು ಬಂದರೆ ಮುಗಿಯಿತು.

"ದೇವರ ಕೆಲಸ ನಡದೈತಿ, ಕಣ್ಣ ಕಾಣೂದಿಲ್ಲೇನ್? ಮೆಣಸಿನಕಾಯಿ ನಾಳೆ ತರ‍್ರಿ. ಒಂದಿನ ಸಪ್ಪನ ಸಾರು ಉಂಡ್ರ ಸಾಯೂದಿಲ್ಲ."

ಒರಟು ಮಾತು, ಆದರೆ ನ್ಯಾಯದ ಮನುಷ್ಯ. ನಮ್ಮ ಕಡೆ ಅಣ್ಣತಮ್ಮಂದಿರ ಹೊಲದ ಜಗಳ ಹರಿಯದೆ ಹೋದರೆ ಪರವೂರಿನ ಹಿರಿಯರನ್ನು ಕರೆಸುತ್ತಾರೆ. ಅವರಿಗೆ ಆ ಊರಿನ ಹಂಗಿರುವುದಿಲ್ಲ, ಅದಕ್ಕೇ ಅವರ ಮಾತಿಗೆ ತೂಕ. ಮನೋಳಿ, ರಾಮದುರ್ಗ, ಕಿತ್ತೂರು, ಎಲ್ಲ ಕಡೆಯಿಂದ ಕಾಕಾಗೆ ಕರೆ ಬರುತ್ತಿತ್ತು. ಕೊನೆಗೆ ಎರಡೂ ಕಡೆಯವರಿಂದ ಭಂಡಾರ ಮುಟ್ಟಿಸಿ ಆಣೆ ಮಾಡಿಸಿ ಬರುತ್ತಿದ್ದರು. ಅವರು ಮಾಡಿಸಿದ ಆಣೆಯನ್ನು ಯಾರೂ ಮುರಿದದ್ದು ನನಗೆ ಗೊತ್ತಿಲ್ಲ.

ನಮ್ಮ ಅಂಗಡಿಸಾಲಿನ ಹಿಂದೆ ತಗಡಿನ ಕೋಲಿಯಲ್ಲಿ ನೇಪಾಳದ ಗೂರ್ಖಾ ಒಬ್ಬ ಹೆಂಡತಿಯೊಡನೆ ಇದ್ದ. ಬಜಾರ ಕಾಯುವ ಕೆಲಸ. ಹನ್ನೆರಡು ವರ್ಷ ಇಲ್ಲೇ ಇದ್ದು ನಮ್ಮ ಮಾತು ಕಲಿತಿದ್ದ. ಸಂಜೆ ನಾಲ್ಕಕ್ಕೆ ಮೂವರೂ ಗಿರಣಿಯ ಮುಂದೆ ಚಹಾ ಕುಡಿಯುತ್ತಿದ್ದೆವು. ಕಾಕಾ ಅವನನ್ನು ಮಗನಂತೆ ಬೈಯುತ್ತಿದ್ದರು, ಮಗನಂತೆ ನೋಡಿಕೊಳ್ಳುತ್ತಿದ್ದರು.

ಕಾಕಾ ಕೈಗೆ ದೊಡ್ಡ ಫೋನ್ ಬಂದ ಮೇಲೆ ಚಹಾದ ಮಾತು ಬದಲಾಯಿತು. ಯಾರು ಯಾರೋ ವಿಡಿಯೊ ಕಳಿಸುತ್ತಿದ್ದರು. ಕಾಕಾ ಅವನ್ನು ನೋಡಿ ನೋಡಿ ಕಣ್ಣೀರು ಹಾಕುತ್ತಿದ್ದರು.

"ಭೂಮಿ ಮ್ಯಾಲೆ ಒಂದ ಹಿಂದೂ ರಾಜ್ಯ ಇತ್ತಲೇ. ಪಶುಪತಿನಾಥ ಕುಂತ ನಾಡು. ಅದನ್ನೂ ದೇವರಿಲ್ಲದ ಸರಕಾರ ಮಾಡಿ ಇಟ್ರಲ್ಲೋ ನಿಮ್ಮವ್ರು."

ಗೂರ್ಖಾ ನಕ್ಕುಬಿಡುತ್ತಿದ್ದ. "ದೇವರು ಅಲ್ಲೇ ಅದಾನ್ರಿ ಕಾಕಾಜಿ, ಎಲ್ಲೂ ಹೋಗಿಲ್ಲ. ನಮ್ಮೂರಿಗೆ ನೀರಿನ ಪೈಪ್ ಬಂದಿಲ್ಲ, ಅದನ್ನ ಕೇಳ್ರಿ."

ಆ ಪೈಪ್ ತರುತ್ತೇನೆಂದು ಅವನ ತಮ್ಮ ಅಲ್ಲಿನ ಚುನಾವಣೆಗೆ ನಿಂತಿದ್ದ. ದೇವರಿಲ್ಲದ ಸರಕಾರ ಮಾಡಿದರೆಂದು ಕಾಕಾ ಬೈಯುತ್ತಿದ್ದ ಪಕ್ಷದ ಕಡೆಯಿಂದಲೇ ನಿಂತಿದ್ದ. ತಮ್ಮನಿಗೆ ನೆರವಾಗಲು ಗೂರ್ಖಾ ರಜೆ ಹಾಕಿ ಹೊರಟಾಗ ಕಾಕಾ ತಾವೂ ಬರುತ್ತೇನೆಂದರು. ಪಶುಪತಿನಾಥನ ದರ್ಶನ ಮಾಡಬೇಕು, ಅಷ್ಟೇ, ಎಂದರು. ಗೂರ್ಖಾ ಖುಷಿಯಿಂದ ಒಪ್ಪಿದ. ಕಾಕಾ ಒಂದು ಚೀಲದ ತುಂಬ ಭಂಡಾರ ಬೀಸಿಕೊಂಡರು. ಅಷ್ಟು ಯಾಕೆಂದು ನಾನು ಕೇಳಲಿಲ್ಲ.

ಹತ್ತು ದಿನಕ್ಕೆ ಮಧ್ಯಾಹ್ನ ನನಗೆ ಕಾಕಾ ಅವರ ಫೋನ್ ಬಂತು. ದರ್ಶನ ಆಗಿತ್ತಂತೆ. ಅಲ್ಲಿ ಕೆಲವರು ಕಾವಿ ಶಾಲು ಹಾಕಿ ಸನ್ಮಾನ ಮಾಡಿದ್ದರಂತೆ. ಅವರೇ ಗೂರ್ಖಾನ ಊರಿನ ತನಕ ಬಂದು ಸಭೆ ಇಟ್ಟಿದ್ದರು.

"ತಮ್ಮಾ, ನನಗ ಸ್ಟೇಜಿನ ಮ್ಯಾಲೆ ಮಾತಾಡ್ರಿ ಅನ್ನಾಕತ್ತಾರ. ಗೂರ್ಖಾ ಬ್ಯಾಡ ಅಂತಾನ. ಅವನ ಮನ್ಯಾಗ ಉಂಡೇನಿ. ಏನ್ ಮಾಡ್ಲಿ?"

ಈ ಮಾತನ್ನು ನಾನು ಕಳೆದ ವಾರದವರೆಗೆ ಯಾರಿಗೂ ಹೇಳಿರಲಿಲ್ಲ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅದಕ್ಕೆ ನಾಚಿಕೆಪಟ್ಟವನಲ್ಲ. ಈ ತಾಲೂಕಿನ ರಸ್ತೆಯಲ್ಲಿ ನಾನು ಮಾಡಿದ ಟ್ರೇಲರ್ ಎಷ್ಟೋ ಓಡುತ್ತಿವೆ, ಒಂದರ ಬೆಸುಗೆಯೂ ಬಿಟ್ಟಿಲ್ಲ. ಆದರೂ ನನ್ನ ಮಗ್ಗುಲಿನ ಗಿರಣಿಯವರು, ನನ್ನ ಹಾಗೇ ನಾಲ್ಕು ಅಕ್ಷರ ಕಲಿತವರು, ಪರದೇಶದ ಸ್ಟೇಜಿನ ಮೇಲೆ ನಿಲ್ಲುತ್ತಾರೆಂದಾಗ ನನ್ನ ಎದೆಯೇ ಉಬ್ಬಿತು. ಓದಿದವರು ನೋಡಲಿ ಅನ್ನಿಸಿತು.

"ಮಾತಾಡ್ರಿ ಕಾಕಾ," ಎಂದೆ. "ದೇವರ ಪರ ಮಾತಾಡಾಕ ಯಾವ ದೇಶ ಆದ್ರೇನು? ನೀವು ಪರವೂರಿನ ಹಿರ‍್ಯಾರು, ನಿಮ್ಮ ಮಾತು ನಡೀತೈತಿ. ಬೈಲಹೊಂಗಲದಾವ್ರು ಅಂದ್ರ ಏನಂತ ತೋರಿಸಿ ಬರ‍್ರಿ."

ಕಾಕಾ ತೋರಿಸಿದರು. ನಮ್ಮಲ್ಲಿ ಪರವೂರಿನ ಹಿರಿಯರನ್ನು ಕರೆಸುವಾಗ ಎರಡೂ ಕಡೆಯವರು ಕೂಡಿ ಕರೆಸುತ್ತಾರೆ. ಅಲ್ಲಿ ಕರೆದದ್ದು ಒಂದೇ ಕಡೆಯವರು. ಅಷ್ಟು ಜಗಳ ಹರಿಸಿದ ಮನುಷ್ಯನಿಗೆ ಆ ಒಂದು ವಿಷಯ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ತಮ್ಮ ಹರಕು ಹಿಂದಿಯಲ್ಲಿ ಮಾತಾಡಿ, ಕೆಳಗಿಳಿದು, ತಾಟಿನಲ್ಲಿ ಭಂಡಾರ ಸುರಿದು, ದೇವರನ್ನು ಹೊರಗಿಟ್ಟವರಿಗೆ ಓಟು ಹಾಕುವುದಿಲ್ಲವೆಂದು ಹೆಂಗಸರಿಂದ ಆಣೆ ಮಾಡಿಸಿದರಂತೆ. ಮುಂದಿನ ಸಾಲಿನಲ್ಲಿ ಗೂರ್ಖಾನ ತಾಯಿ ಕೂತಿದ್ದಳು. ಮನೆಗೆ ಬಂದ ಅತಿಥಿ, ತನ್ನ ಕೈಯಿಂದ ಉಂಡವನು, ತಾಟು ಮುಂದೆ ಹಿಡಿದಿದ್ದಾನೆ. ಊರೆಲ್ಲ ನೋಡುತ್ತಿದೆ. ಆಕೆ ಎಲ್ಲ ತಿಳಿದೇ ಮುಟ್ಟಿದಳು. ತನ್ನ ಸ್ವಂತ ಮಗನಿಗೆ ಓಟು ಹಾಕುವುದಿಲ್ಲವೆಂದು.

ಪರದೇಶದವನು ಚುನಾವಣೆಯಲ್ಲಿ ತಲೆಹಾಕಿದನೆಂದು ಮರುದಿನ ಪೊಲೀಸರು ಕಾಕಾ ಅವರನ್ನು ಚೌಕಿಯಲ್ಲಿ ಕೂರಿಸಿ, ಗಡಿಯ ಬಸ್ಸು ಹತ್ತಿಸಿದರು. ಶಾಲು ಹಾಕಿದವರು ನಾವು ಕರೆದೇ ಇಲ್ಲ ಎಂದರು. ಓಟಿನ ದಿನ ಆ ತಾಯಿ ಮನೆ ಬಿಟ್ಟು ಹೊರಬರಲಿಲ್ಲ. ಹೆತ್ತವಳೇ ಬರಲಿಲ್ಲವೆಂದು ಊರು ಆಡಿಕೊಂಡಿತು. ನಮಗೆ ಬುದ್ಧಿ ಹೇಳಲು ಹೊರಗಿನವನನ್ನು ಕರೆತಂದ ಮನೆ ಎಂದು ತಮ್ಮನ ಪಕ್ಷದವರೇ ದೂರ ಸರಿದರು. ತಮ್ಮ ಸೋತ. ಪೈಪ್ ಬರಲಿಲ್ಲ.

ಇದನ್ನೆಲ್ಲ ಹೇಳಿದವನು ಗೂರ್ಖಾ. ತಿಂಗಳ ಮೇಲೆ ಹೆಂಡತಿಯನ್ನು ಕರೆದುಕೊಂಡು ಸಾಮಾನು ಒಯ್ಯಲು ಬಂದಿದ್ದ. ಕಾಕಾ ಗಿರಣಿ ಬಂದ್ ಮಾಡಿ, ಮೈಯೆಲ್ಲ ಹಿಟ್ಟಾಗಿ, ಅವನೆದುರು ಬಂದು ನಿಂತರು.

"ನನ್ನ ಕರಕೊಂಡು ಹೋಗೋ. ಆಣೆ ಹಾಕಿದಾಂವ ನಾನು, ನಾನ ಎದುರು ನಿಂತು ಅದನ್ನ ಬಿಡಿಸಬೇಕು. ತಾಯಿ ಮುಂದ ನಿಂತು ಆಣೆ ಬಿಟ್ಟೇನವ್ವಾ ಅಂತೇನಿ."

"ಬ್ಯಾಡ್ರಿ ಕಾಕಾಜಿ. ನೀವು ಮತ್ತ ಬಂದ್ರ ನನ್ನ ತಮ್ಮ ಊರ ಬಿಟ್ಟು ಹೋಗ್ತಾನ."

"ಫೋನಿನ್ಯಾಗರ ಹೇಳ್ತೇನಿ, ಹಚ್ಚಿ ಕೊಡು."

"ಆಮಾ, ನಮ್ಮವ್ವ, ಒಪ್ಪೂದಿಲ್ಲ. ಕೈ ಹಿಡಿದು ಮುಟ್ಟಿಸಿದ್ದು ಫೋನಿನ್ಯಾಗ ಹೆಂಗ ಬಿಡತೈತಿ ಅಂತಾಳ. ತಮ್ಮನ ಮಗ್ಗಲ ಕುಂತು ಉಣ್ಣೂದ ಬಿಟ್ಟಾಳ್ರಿ. ಅವನ ಮಾರಿ ನೋಡಾಕ ಆಗೂದಿಲ್ಲಂತ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಕಾಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಯಾಕೆ ಮಾತಾಡಿದಿರಿ ಎಂದು ಅವನು ಕೇಳಿದಾಗ ಕಾಕಾ ನನ್ನ ಕಡೆ ಒಮ್ಮೆ ನೋಡಿದರು. "ನನ್ನ ಬುದ್ಧಿ," ಎಂದರು. ನಾನು ಕೈಯಲ್ಲಿದ್ದ ಸುತ್ತಿಗೆ ನೋಡುತ್ತ ನಿಂತೆ.

ಅಂದಿನಿಂದ ಕಾಕಾ ಭಂಡಾರ ಬೀಸಲಿಲ್ಲ. ಕೇಳಿದವರಿಗೆ ಕಲ್ಲು ಸವೆದಿದೆ ಎನ್ನುತ್ತಿದ್ದರು. ಪಂಚಾಯ್ತಿಕೆಗೆ ಕರೆ ಬಂದರೆ ಮೊಳಕಾಲು ನೋವು ಎನ್ನುತ್ತಿದ್ದರು. ಅದೇ ಮೊಳಕಾಲಿನಲ್ಲಿ ಹುಣ್ಣಿಮೆಗೊಮ್ಮೆ ಗುಡ್ಡ ಹತ್ತಿ ಬರುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಗೂರ್ಖಾಗೆ ಫೋನ್ ಹಚ್ಚುತ್ತಿದ್ದರು. ಮೊದಮೊದಲು ಎತ್ತುತ್ತಿದ್ದ. ಆಮೇಲೆ ಬರೀ ರಿಂಗಾಗುತ್ತಿತ್ತು. ಫೋನ್ ಕಿವಿಗೆ ಹಿಡಿದು ಕೂತ ಅವರನ್ನು ನೋಡಲಾರದೆ ನಾನು ಮಷಿನ್ ಚಾಲೂ ಮಾಡುತ್ತಿದ್ದೆ. ನಾನೇ ಹೇಳಿದ್ದು ಎಂದು ಒಂದು ಮಾತು ಗೂರ್ಖಾಗೆ ತಿಳಿಸಿದ್ದರೆ ಅವರ ಭಾರ ಅರ್ಧವಾದರೂ ಇಳಿಯುತ್ತಿತ್ತೇನೋ... ನಾಳೆ ಹೇಳಿದರಾಯಿತು ಎಂದುಕೊಂಡೆ. ಹೋದ ವರ್ಷ ಕಾಕಾ ತೀರಿಕೊಂಡರು. ಗಿರಣಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಟ್ರೇಲರ್ ಬಿಟ್ಟು ಎದ್ದು ಕಟ್ಟೆಯ ಮೇಲೆ ಕೂತವನು ಅವತ್ತು ಗೂರ್ಖಾನ ನಂಬರಿಗೆ ಹಚ್ಚಿದೆ. ಎತ್ತುತ್ತಾನೆಂದು ಅಂದುಕೊಂಡಿರಲಿಲ್ಲ. ಎತ್ತಿದ. ಕ್ಷೇಮಸಮಾಚಾರಕ್ಕೂ ನಿಲ್ಲದೆ ಹೇಳಿಬಿಟ್ಟೆ. "ಕಾಕಾ ನನ್ನ ಕೇಳಿದ್ರು. ಮಾತಾಡ್ರಿ ಅಂತ ನಾನ ಹೇಳಿದ್ದು. ತಪ್ಪು ನಂದು."



"ಈಗ ಅದನ್ನ ತಗೊಂಡು ಏನ್ ಮಾಡೂದು ಅಣ್ಣಾ? ಛಲೋ ಆತು ನೀವ ಫೋನ್ ಮಾಡಿದ್ರಿ. ಆಮಾ ಹಾಸಿಗಿ ಹಿಡದಾಳ. ಫೋನಿನ್ಯಾಗ ಆದ್ರೂ ಅಡ್ಡಿಯಿಲ್ಲ, ಆಣೆ ಬಿಟ್ಟೇನಿ ಅಂತ ಕಾಕಾಜಿ ಬಾಯಿಂದ ಕೇಳ್ತೇನಿ, ಒಮ್ಮೆ ಮಗನ ಮಗ್ಗಲ ಕುಂತು ಉಣ್ಣತೇನಿ ಅನ್ನಾಕತ್ತಾಳ. ಕಾಕಾಜಿ ಅಲ್ಲೇ ಅದಾರಲ್ಲ? ಫೋನ್ ಕೊಡ್ರಿ."

ಕಾಕಾ ಹೋದ ಸುದ್ದಿಯನ್ನು ನಾವ್ಯಾರೂ ಅವನಿಗೆ ತಿಳಿಸಿರಲಿಲ್ಲ.

ಹೇಳಿದೆ. ಅವನು ಫೋನ್ ಇಡಲಿಲ್ಲ. ತಿರುಗಿ ತಾಯಿಗೆ ತಮ್ಮ ಮಾತಿನಲ್ಲಿ ಏನೋ ಹೇಳಿದ್ದು ಕೇಳಿಸಿತು. ಆಕೆ ಏನಾದರೂ ಅಂದಾಳೆಂದು ನಾನು ಬಹಳ ಹೊತ್ತು ಫೋನ್ ಹಿಡಿದೇ ಕೂತಿದ್ದೆ. ಆ ಕಡೆ ಯಾರೋ ಕೆಮ್ಮಿದರು. ಮತ್ತೇನೂ ಕೇಳಿಸಲಿಲ್ಲ.