ಗುಡ್ಡದ ಬಂಗಲೆಯ ಚಾಚಾ

ಮೊನ್ನೆ ಸೊಸೆ ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ.

“ಏನಾಗ್ಯಾದ್ರಿ ಅತ್ತಿ?” ಅಂದಳು.

ನಾನು ಸುರಪುರಕ್ಕೆ ಸೊಸೆಯಾಗಿ ಬಂದ ಹೊಸತು. ನಮ್ಮ ಮನೆಯ ಹಿಂದೆಯೇ ಗುಡ್ಡ, ಗುಡ್ಡದ ಮೇಲೆ ಫೌಜಿನ ದೊಡ್ಡ ಅಧಿಕಾರಿಗಳು ಇರುವ ಬಂಗಲೆ. ಅದರ ಕೀಲಿಕೈ, ಇಡೀ ಓಣಿ ಚಾಚಾ ಎಂದು ಕರೆಯುತ್ತಿದ್ದ ಮುದುಕರ ಕೈಯಲ್ಲಿ. ಬಂಗಲೆ ಕಟ್ಟಿಸಿದವನು ಒಬ್ಬ ಬಿಳಿ ಸಾಹೇಬ. ಅವನಿಗೆ ಪಂಖಾ ಎಳೆದವರು ಚಾಚಾನ ಅಜ್ಜ. ಆಮೇಲೆ ನಿಜಾಮರ ಫೌಜಿನವರು ಬಂದರು. ಒಬ್ಬ ಕುದುರೆಲಾಯ ಕಟ್ಟಿಸಿದ, ಇನ್ನೊಬ್ಬ ಹೆಂಡತಿ ಮರೆಯಿಂದ ಹೊರಗೆ ನೋಡಲೆಂದು ಜಾಲಂದರದ ಕಿಟಕಿ ಇಡಿಸಿದ. ಇದನ್ನೆಲ್ಲ ಚಾಚಾ ತಮ್ಮ ಮನೆತನದ ಕತೆಯಂತೆ ಹೇಳುತ್ತಿದ್ದರು. ಅವರು ಹುಟ್ಟಿದ್ದು, ಹೆಂಡತಿಯನ್ನು ಕಳೆದುಕೊಂಡಿದ್ದು ಎಲ್ಲ ಬಂಗಲೆಯ ಹಿಂದಿನ ಒಂದು ಕೋಣೆಯಲ್ಲಿ.

ನಿಜಾಮರ ಆಳ್ವಿಕೆ ಹೋಗಿ ರಾಜ್ಯ ಬದಲಾಯಿತು. ಹೊಸ ಸರ್ಕಾರದ ಫೌಜಿನ ದೊಡ್ಡ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಅವರು ಇರಲಿ ಅಂದರೆ ಚಾಚಾನಿಗೆ ಆ ಕೋಣೆ, ಬೇಡ ಅಂದರೆ ಬೀದಿ. ಚಾಚಾ ದಿನಕ್ಕೆ ಹತ್ತು ಸಲ ಗುಡ್ಡ ಹತ್ತಿ ಇಳಿದರು. ಒಂದು ಬಾಗಿಲಿಗೆ ಎಣ್ಣೆ ಬಿಡುವುದು, ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಓಡುವುದು.

ಸಾಹೇಬರು ಬರುವ ಹಿಂದಿನ ದಿನ ಚಾಚಾ ನಮ್ಮ ಕಟ್ಟೆಗೆ ಬಂದು ಒಂದು ಸೊಂಟಪಟ್ಟಿ ಕೊಟ್ಟರು. ನಿಜಾಮರ ಕಾಲದಲ್ಲಿ ದೊಡ್ಡವರ ಮುಂದೆ ನಿಲ್ಲಬೇಕಾದರೆ ತಲೆಗೆ ದಸ್ತಾರು ಪೇಟ, ಸೊಂಟಕ್ಕೆ ಈ ಬಗಲೂಸು ಇರಲೇಬೇಕು. ಇಲ್ಲದಿದ್ದರೆ ಮರ್ಯಾದೆಗೇಡು.

“ಬೇಟಿ, ಇದರ ಹಿತ್ತಾಳಿ ತಿಕ್ಕಿ ಕೊಡವ್ವ. ಕನ್ನಡಿಯಂಗ ಅದರಾಗ ಮಾರಿ ಕಾಣಬೇಕು ನೋಡು.”

ಹಿತ್ತಾಳೆಯ ಮೇಲೆ ಹಳೆಯ ಸರ್ಕಾರದ ಮುದ್ರೆ ಇತ್ತು. ಆ ದಿನಗಳಲ್ಲಿ ಅಂಥ ಮುದ್ರೆಯ ಕಾಗದವನ್ನೂ ಜನ ಹೆದರಿ ಒಲೆಗೆ ಹಾಕುತ್ತಿದ್ದರು. ಇದು ಚಾಚಾನಿಗೆ ಮುಳುವಾಗುತ್ತದೆಂದು ನನಗೆ ಹೊಳೆಯಿತು. ಅತ್ತೆಗೆ ಹೇಳಿದೆ.

“ಸುಮ್ನಿರು. ಊರ ಉಸಾಬರಿ ನಮಗ್ಯಾಕ ಬೇಕು?” ಅಂದರು.

ಸುಮ್ಮನಾದೆ. ಅಷ್ಟೇ ಅಲ್ಲ, ಹುಣಸೆಹಣ್ಣು ಹಚ್ಚಿ ಫಳಫಳ ಅನ್ನುವ ಹಾಗೆ ತಿಕ್ಕಿ, ನನ್ನ ಕೆಲಸಕ್ಕೆ ನಾನೇ ಬೀಗಿದೆ. ಥೂ!

ಮರುದಿನ ಜೀಪು ಬಂತು. ನಾವು ಹೆಂಗಸರು ಗೇಟಿನ ಬಳಿ ನಿಂತು ನೋಡುತ್ತಿದ್ದೆವು. ಚಾಚಾ ಬಾಗಿ ಬಾಗಿ ಸಲಾಂ ಮಾಡಿದರು. ಸಾಹೇಬರ ಜೊತೆಗಿದ್ದವನೊಬ್ಬ ಚಾಚಾನ ಸೊಂಟದ ಮುದ್ರೆಯ ಕಡೆ ಬೆರಳು ತೋರಿಸಿ ಏನೋ ಪಿಸುಗುಟ್ಟಿದ. ಸಾಹೇಬರು ಗದರಲಿಲ್ಲ. ಯಾರ ನೌಕರ ನೀನು ಎಂದು ಹಿಂದಿಯಲ್ಲಿ ಕೇಳಿದರು.

“ಬಂಗ್ಲೇ ಕಾ, ಹುಜೂರ್,” ಅಂದರು ಚಾಚಾ. ಬಂಗಲೆಯ ನೌಕರ, ಅಷ್ಟೇ.

ಸಂಜೆಯೊಳಗೆ ಕೀಲಿಕೈ ಒಪ್ಪಿಸಬೇಕೆಂದು ಹುಕುಂ ಆಯಿತು. ಚಾಚಾ ಹೊಸ ಕಾವಲುಗಾರನ ಬೆನ್ನು ಹತ್ತಿ, ಯಾವ ಬಾಗಿಲು ಮಳೆಗೆ ಉಬ್ಬುತ್ತದೆ, ಯಾವ ಕಿಟಕಿಗೆ ಗೂಟ ಕೊಡಬೇಕು ಎಂದು ಹೇಳುತ್ತಲೇ ಇದ್ದರಂತೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಗಂಟು ಹೊತ್ತು ಗೋಗಿ ಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೊರಟವರು ನಮ್ಮ ಕಟ್ಟೆಯ ಬಳಿ ನಿಂತರು.

“ಭಾಳ ಛಲೋ ತಿಕ್ಕಿದ್ದಿ ಬೇಟಿ. ದೂರದಿಂದನ ಹೊಳೀತಿತ್ತು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಮೊದಲೇ ಗೊತ್ತಿತ್ತು ಎಂಬುದು ಆ ಜೀವಕ್ಕೆ ಗೊತ್ತೇ ಇರಲಿಲ್ಲ...

ಈಗ ಗೋಗಿಗೆ ಬಸ್ಸಿದೆ, ಆಟೋ ಇದೆ. ಮಕ್ಕಳು ಎಷ್ಟು ಸಲ ಕರೆದರೂ ನಾನು ಹತ್ತಲಿಲ್ಲ. ಚಾಚಾ ತೀರಿಹೋದರೆಂದು ಆ ಕಡೆಯವರೊಬ್ಬರು ಎಂದೋ ಹೇಳಿದರು. ಯಾವಾಗ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.