ಕಿವಿಯಿಂದ ಕಾರು ಓಡಿಸಿದ ಮಾವ

ರುದ್ರೇಶ ಮಾವನಿಗೆ ಮರೆವು ಹತ್ತಿದ್ದು ಮೊದಲು ಗೊತ್ತಾದದ್ದೇ ವಿಡಿಯೊ ಗೇಮಿನಲ್ಲಿ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಆಟದ ಮಟ್ಟಿಗೆ ಇದನ್ನು ನಾನು ಈಗಲೂ ಒಪ್ಪುವುದಿಲ್ಲ.

ಮಾವ ಎಂದರೆ ಅಮ್ಮನ ಅಣ್ಣ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ, ಬಾಣಾವರದ ಹತ್ತಿರ ತೋಟ. ಅಟ್ಟದಲ್ಲಿ ಒಣಗಿದ ಕಾಯಿಯನ್ನು ಸುಲಿಸುವ ಮೊದಲು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗುಟ್ಟಿದರೆ ಕೆಳಕ್ಕೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. "ಕಣ್ಣು ಸುಳ್ಳು ಹೇಳ್ತೈತೆ ಕಣೇ, ಕಾಯಿ ಹೇಳಲ್ಲ" ಎನ್ನುವರು.

ಕಾರಿನ ಆಟವನ್ನೂ ಹಾಗೆಯೇ ಆಡಿದರು. ಮಗ ಕಿರಣ ಹುಡುಗನಾಗಿದ್ದಾಗ ಅವನಿಗೆಂದು ತಂದ ಆಟದ ಮಿಷಿನ್ನು ಅವನಿಗಿಂತ ಇವರ ಕೈಯಲ್ಲೇ ಹೆಚ್ಚು ಸವೆಯಿತು. ಮಂಡಿಯಿಂದ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿ, ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುವರು. ಕಷ್ಟದ ತಿರುವು ಹತ್ತಿರ ಬಂದಾಗ ಕಣ್ಣು ಮುಚ್ಚುವರು. ಮರದ ಸೇತುವೆ ಮೇಲೆ ಚಕ್ರದ ಸದ್ದು ಬದಲಾಯಿತೋ, ಎಡಕ್ಕೆ. ನಾನು ಕಣ್ಣು ಬಿಟ್ಟುಕೊಂಡೂ ಹಳ್ಳಕ್ಕೆ ಬೀಳುತ್ತಿದ್ದೆ.

"ಏನ್ ಲಾಯರಮ್ಮ, ಹಳ್ಳದ ಜೊತೇನೂ ವಾದವಾ?" ಎಲ್ಲಕ್ಕೂ ವಾದಕ್ಕಿಳಿಯುವ ನನಗೆ ಮಾವ ಇಟ್ಟ ಹೆಸರದು.

ಹೋದ ವರ್ಷ ಆಯುಧಪೂಜೆಯಲ್ಲಿ ತಕ್ಕಡಿಗೆ, ಸ್ಕೂಟರಿಗೆ ಹಚ್ಚಿದಂತೆ ಆಟದ ಡಿಸ್ಕಿಗೂ ಮೂರು ಬೆರಳು ವಿಭೂತಿ ಎಳೆದು ಮಿಷಿನ್ನಿನೊಳಗೆ ಇಟ್ಟರು. ಅದು ಕರಕರ ಎಂದು ನಿಂತೇ ಹೋಯಿತು. ಕಿರಣ ರೇಗಲಿಲ್ಲ. ಹೊಸ ಮಿಷಿನ್ ತಂದ. ಕಂಪನಿಯವರು ಹೊಸದಾಗಿ ತಿದ್ದಿ ಮಾರಾಟಕ್ಕೆ ಬಿಟ್ಟಿದ್ದ ಅದೇ ಹಳೆಯ ಆಟವನ್ನು ಅದಕ್ಕೆ ಹಾಕಿಕೊಟ್ಟ. "ಅದೇ ಆಟ ಅಪ್ಪಾಜಿ. ಚಿತ್ರ ಮಾತ್ರ ಚೊಕ್ಕ ಮಾಡವ್ರೆ."

ಮಾವ ಕೂತರು, ಕಣ್ಣು ಮುಚ್ಚಿದರು. ಕಾರು ನೇರ ಹಳ್ಳಕ್ಕೆ. ಮತ್ತೆ ಹಳ್ಳಕ್ಕೆ.

"ಸೇತುವೆ ಎಲ್ಲೋಯ್ತು?"

"ಕಣ್ಮುಂದೇನೇ ಐತಲ್ರೀ" ಎಂದರು ಅತ್ತೆ.

ಅವತ್ತಿನಿಂದ ಅತ್ತೆಗೆ ಅವರ ಎಲ್ಲ ತಪ್ಪುಗಳೂ ಕಾಣತೊಡಗಿದವು. ಹಳೆಯ ಗಿರಾಕಿಯ ಹೆಸರು ಬಾಯಿಗೆ ಬರಲಿಲ್ಲ. ಸ್ಕೂಟರಿನ ಕೀ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಕೊನೆಗೆ ಕಿರಣ, "ಅಪ್ಪಾಜಿ ಇನ್ಮೇಲೆ ಮಂಡಿಗೆ ಬರೋದು ಬೇಡ" ಎಂದ.

ನಾನು ವಾದಕ್ಕೆ ನಿಂತೆ. ಹೊಸ ಆಟದಲ್ಲಿ ಆ ಸದ್ದೇ ಇರಲಿಲ್ಲ. ಸೇತುವೆ ಮೇಲೂ ಟಾರು ರಸ್ತೆ ಮೇಲೂ ಒಂದೇ ಗುಂಯ್. ಆಡಿ ತೋರಿಸಿದೆ. "ಬದಲಾಗಿರೋದು ಆಟ, ಮಾವ ಅಲ್ಲ. ಕಿತ್ತುಹಾಕಿರೋ ಸದ್ದು ಯಾರಿಗೆ ಕೇಳ್ಸುತ್ತೆ?"

"ಸರಿ ಕಣೇ, ನೀನೇ ಗೆದ್ದೆ" ಎಂದ ಕಿರಣ. "ಅಕ್ಕಿ ಡಬ್ಬಕ್ಕೇನಂತೀಯ?"

"ಕೀ ಕಳ್ಕೊಳ್ದಿರೋರು ಯಾರಿದಾರೆ?"

ಅತ್ತೆ ನನ್ನ ತಲೆ ಸವರಿದರು. "ನೀನು ಹೇಳಿದ್ದೇ ನಿಜ ಆಗ್ಲಿ ಕಣವ್ವ."

ಆ ಮಾತು ನನಗೆ ಸೋಲಿನಂತೆ ಕೇಳಿಸಿತು. ಅಟ್ಟ ಹತ್ತಿ ಒಂದು ಕಾಯಿ ತಂದೆ. ಇಳಿಯುವಾಗಲೇ ಅದು ನನ್ನ ಕೈಯಲ್ಲಿ ಗಡಗಡ ಎನ್ನುತ್ತಿತ್ತು. ಏನೂ ಗೊತ್ತಿಲ್ಲದವರೂ ಹೇಳಿಬಿಡುವಷ್ಟು ಜೋರಾಗಿ. ಕಿರಣ, ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ, ಜಗಲಿಯಲ್ಲಿ ಕೂತಿದ್ದ ಮಾವನ ಕೈಗೆ ಅದನ್ನು ಇಟ್ಟೆ.

ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಅಲ್ಲಾಡಿಸಿದರು. ಕಣ್ಣು ತೆರೆದು ಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಅಲ್ಲಾಡಿಸತೊಡಗಿದರು.

"ಮಾವ, ಕೆಳಕ್ಕೋ, ಅಟ್ಟಕ್ಕೋ?"